ಯಜಮಾನರ ಹೆಸರಿನ ಬೀಗ

ನಮ್ಮ ಮುತ್ತಜ್ಜ ಕೊಲಿಮುದ್ದಿ ಮಾಝಿ ಢಾಕಾ ಕಡೆಯ ಜಮುನಾ ನದಿಯ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಹೆಂಗಸರು ಒಲೆಯ ಮೇಲಿನ ಅನ್ನ ಇಳಿಸಿ ಕಿವಿಗೊಡುತ್ತಿದ್ದರು. ಸಾವಿಗೆ ಒಂದು ಕೂಗು, ಹೆರಿಗೆಗೆ ಇನ್ನೊಂದು, ಕಳೆದುಹೋದ ಎಮ್ಮೆಗೆ ಮತ್ತೊಂದು. ಒಂದು ಸಲ ಮಂಜಿನಲ್ಲಿ ದಾರಿ ತಪ್ಪಿದ ಮದುವೆ ದಿಬ್ಬಣದ ಏಳು ದೋಣಿಗಳನ್ನು ಬರೀ ಗಂಟಲಿನಿಂದ ದಡಕ್ಕೆ ಎಳೆದರಂತೆ. ಅವರ ಮಗ, ನಮ್ಮಜ್ಜ ಹೊಸೇನ್, ಸಂತೆಯಲ್ಲಿ ಡಂಗುರ ಸಾರುವವರು. ಜಮೀನ್ದಾರನ ಆಜ್ಞೆ ಸಾರಿ ಮುಗಿಸಿದ ಮೇಲೆ "ಹೀಗಂತ ದೊಡ್ಡವರು ಅಂತಾರೆ, ನನಗೆ ಒಪ್ಪಿಗೆಯಿಲ್ಲ" ಎಂದು ತಮ್ಮದೂ ಒಂದು ಸಾಲು ಸೇರಿಸಿ ಎರಡು ಸಲ ಏಟು ತಿಂದರು. ಮೂರನೇ ಸಲಕ್ಕೆ ಜಮೀನ್ದಾರಿಕೆಯೇ ಹೋಯಿತು. (ಅದು ತಮ್ಮ ಆ ಒಂದು ಸಾಲಿನಿಂದಲೇ ಹೋದದ್ದು ಎಂದು ಅಜ್ಜ ಸಾಯುವ ತನಕ ನಂಬಿದ್ದರು. ನಾನೂ ನಂಬಿದ್ದೇನೆ.) ನಮ್ಮಪ್ಪ ದೋಣಿಗೆ ಮೈಕು ಕಟ್ಟಿದವರು. ಚುನಾವಣೆ, ಸರ್ಕಸ್ಸು, ಕಾಲರಾ ಚುಚ್ಚುಮದ್ದು, ಏನೇ ಬರಲಿ, ನಮ್ಮಪ್ಪನ ಬಾಯಿಂದಲೇ ಈ ನದಿಗೆ ತಿಳಿಯಬೇಕು. ಮೈಕ್ ಮಿಯಾ ಅಂದರೆ ಸಿರಾಜ್‌ಗಂಜ್ ತನಕ ಹೆಸರು.

ಆ ವಂಶದ ನಾಲ್ಕನೆಯ ಗಂಟಲು ನಾನು, ಮರ್ಜಿನಾ. ನನಗೆ ಅಣ್ಣತಮ್ಮಂದಿರಿಲ್ಲ. ಅದಕ್ಕೇ ಅಪ್ಪ ದೂರದೂರಿಂದ ಒಬ್ಬ ಸಾಧು ಪ್ರಾಣಿಯನ್ನು ತಂದು ಮನೆಅಳಿಯ ಮಾಡಿಕೊಂಡರು. ಅವರೇ ನಮ್ಮ ಯಜಮಾನರು. ಹೆಸರು ಹೇಳಲಾರೆ. ಗಂಡನ ಹೆಸರು ಬಾಯಲ್ಲಿ ಬಂದರೆ ಅವರ ಆಯುಷ್ಯದ ದಾರ ಒಂದೆಳೆ ಬಿಚ್ಚುತ್ತದೆ ಎಂದು ನಮ್ಮಮ್ಮ ಕಲಿಸಿದ್ದಾಳೆ. ಮಗಳು ಜೊಲೇಖಾ ಹುಟ್ಟುವ ತನಕ "ಕೇಳಿಸ್ತಾ?" ಅಂತ ಕರೆಯುತ್ತಿದ್ದೆ, ಹುಟ್ಟಿದ ಮೇಲೆ "ಜೊಲೇಖಾಳ ಅಪ್ಪ". ನಿಮಗೂ ಅಷ್ಟು ಸಾಕು.

ನನ್ನ ಪಾಲಿಗೆ ಬಂದದ್ದು ಫೋನು. ಹೆಂಗಸರ ಸಂಘದವರು ಕಾವ್ನಬಾಡಿ ಚರಕ್ಕೆ ಒಂದೇ ಒಂದು ಫೋನು ಕೊಡುತ್ತೇವೆ, ಅಂಕಿ ಓದಬಲ್ಲ ಹೆಂಗಸು ಬೇಕು ಅಂದರು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹತ್ತೋಣವೆಂದರೆ ಶಾಲೆಯನ್ನೇ ನದಿ ನುಂಗಿತ್ತು. ಚರ ಅಂದರೆ ಅಷ್ಟೇ ಅಲ್ಲವೇ, ನದಿ ತನಗೆ ಬೇಡದ ಮರಳನ್ನು ನಡುವೆ ಗುಡ್ಡೆ ಹಾಕಿ "ಇದ್ದುಕೊಳ್ಳಿ, ನಾನು ವಾಪಸ್ ಕೇಳೋ ತನಕ" ಎಂದು ಕೊಟ್ಟ ದಿಬ್ಬ. ಆದರೆ ಬೆಲ್ಲ ಕಟ್ಟಿಕೊಂಡು ಬಂದ ಪೇಪರು, ಔಷಧದ ಚೀಟಿ, ದೋಣಿಯ ಮೇಲಿನ ನಂಬರು, ಇವುಗಳಿಂದ ನಾನೇ ಓದು ಕಲಿತಿದ್ದೆ. ಬರೆಯಲು ಮಾತ್ರ ಬಾರದು. ಓದುವುದಕ್ಕೆ ಕಣ್ಣು ಸಾಕು, ಬರೆಯುವುದಕ್ಕೆ ಯಾರಾದರೂ ಕೈ ಹಿಡಿಯಬೇಕಲ್ಲ.

ಆಮೇಲೆ ನೋಡಿ ನನ್ನ ದರ್ಬಾರು! ತಗಡಿನ ಸೂರಿನ ಮೇಲೆ ಬಿದಿರಿನ ಗಳುವಿನ ಮೇಲೆ ಗಳು ಕಟ್ಟಿ, ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ ನಿಲ್ಲಿಸಿದ್ದೆ. ಕಂಬ ಎತ್ತರವಾದಷ್ಟೂ ಮಾತು ಸ್ಪಷ್ಟ. ಬೆಳಗಾದರೆ ಅಂಗಳ ತುಂಬ ಜನ. ಢಾಕಾದಲ್ಲಿ ರಿಕ್ಷಾ ತುಳಿಯುವ ಗಂಡನಿಗಾಗಿ ಕಾದವಳು, ಮೆಣಸಿನಕಾಯಿಯ ದರ ಕೇಳಲು ಬಂದವನು, ಏನೂ ಕೆಲಸವಿಲ್ಲದೆ ಬೇರೆಯವರ ಮಾತು ಕೇಳಲು ಬಂದವರು. ಕಾಯುತ್ತಾ ಮಂಡಕ್ಕಿಗೆ ಸಾಸಿವೆ ಎಣ್ಣೆ ಕಲಸುತ್ತಿದ್ದರು, ಜಗಳ ಆಡುತ್ತಿದ್ದರು, ಹೆಣ್ಣು ಗಂಡು ಕೂಡಿಸುತ್ತಿದ್ದರು. ಈ ಚರದಲ್ಲಿ ನನಗೆ ತಿಳಿಯದೆ ಒಂದು ಬಸಿರು ನಿಂತದ್ದಿಲ್ಲ. ಕೆಲವು ಅವರ ಗಂಡಂದಿರಿಗಿಂತ ಮೊದಲೇ ನನಗೆ ಗೊತ್ತಾಗುತ್ತಿದ್ದವು. ದೊಡ್ಡವರಿಗೆ ನಾನು ಫೋನ್ ಬುಬು, ಅಂದರೆ ಫೋನಿನ ಅಕ್ಕ, ಚಿಕ್ಕವರಿಗೆ ಫೋನ್ ನಾನಿ, ಫೋನಿನ ಅಜ್ಜಿ. ಯಜಮಾನರೂ ಆ ಗುಂಪಿನ ಅಂಚಿನಲ್ಲಿ ಕೂತು ಬಲೆ ಹೆಣೆಯುತ್ತಾ ಕಥೆ ಹೊಡೆಯುತ್ತಿದ್ದರು.

ಆಮೇಲೆ ನನ್ನ ಒಂದು ಫೋನು ಮರಿ ಹಾಕಿತು. ಮೊದಲು ಟೀ ಅಂಗಡಿಯ ಮೊಂತಾಜ್ ಒಂದು ತಂದ. ಮರುವರ್ಷ ಹತ್ತು. ಅದರ ಮರುವರ್ಷ ಕೋಳಿಗಳಿಗಿಂತ ಫೋನು ಹೆಚ್ಚು. ಆಮೇಲೆ ಫೋನಿನ ಹಲ್ಲುಗಳೆಲ್ಲ ಉದುರಿ ಬರೀ ಗಾಜು ಉಳಿಯಿತು. ಆಚೆ ದಡದಲ್ಲಿ ಟವರು ಎದ್ದಿತು, ಎರಡನೇ ಜಿ, ಮೂರನೇ ಜಿ, ನಾಲ್ಕನೇ ಜಿ ಅಂತ ಅಣ್ಣತಮ್ಮಂದಿರ ಹಾಗೆ ಒಬ್ಬೊಬ್ಬರೇ ಬಂದರು. ನನ್ನ ಅಂಗಳಕ್ಕೆ ಮಾತ್ರ ಯಾರೂ ಬರಲಿಲ್ಲ. ಗುಡಿಸಿದ್ದು ಸಂಜೆಯ ತನಕ ಗುಡಿಸಿದಂತೆಯೇ ಇರತೊಡಗಿತು. ಸುಮ್ಮನೆ ಹೇಳುತ್ತಿಲ್ಲ, ಒಂದು ದಿನ ಬೆಳಿಗ್ಗೆ ಬಿದ್ದ ಹುಣಸೆ ಎಲೆಯನ್ನು ಸಂಜೆ ಅದೇ ಜಾಗದಲ್ಲಿ ನೋಡಿ ಮಾತಾಡಿಸಿದ್ದೇನೆ.

ಹೋಗಲಿ, ಮನೆಯಲ್ಲಿ ಒಬ್ಬರಿದ್ದಾರಲ್ಲ ಅಂದುಕೊಂಡೆ. ಜೊಲೇಖಾಳ ಗಂಡ ಬಂದು ಯಜಮಾನರ ಕೈಗೂ ಒಂದು ಗಾಜಿನ ಡಬ್ಬಿ ಕೊಟ್ಟು ಹೋದ. ಅಂದಿನಿಂದ ನಮ್ಮವರು ನದಿಯ ನಡುವೆ ಕೂತು, ನದಿಗೆ ಬೆನ್ನು ಹಾಕಿ, ಯಾವುದೋ ಸಮುದ್ರದಲ್ಲಿ ಯಾರೋ ಮೀನು ಹಿಡಿಯುವುದನ್ನು ನೋಡುತ್ತಾರೆ. ಕಿವಿಗೆ ಎರಡು ಬಿಳಿ ಬೆಂಡು.

"ಜೊಲೇಖಾಳ ಅಪ್ಪಾ, ಸಾರಿಗೆ ಉಪ್ಪು ಸರಿಯಾಗಿದೆಯಾ?"

"ಹೂಂ."

"ಉಪ್ಪು ಹಾಕೇ ಇಲ್ಲ."

"ಒಳ್ಳೇದಾಯ್ತು."

"ನಾನು ಹೊಳೆಗೆ ಬೀಳ್ತೀನಿ."

"ಬರೋವಾಗ ಎಲೆ ಅಡಿಕೆ ತಗೊಂಡು ಬಾ."

ಮೂವತ್ತೆಂಟು ವರ್ಷದ ಸಂಸಾರ! ಜಗಳಕ್ಕೂ ಗತಿಯಿಲ್ಲದ ಹಾಗಾಯಿತು. ಜಗಳವಾಡಲು ಇಬ್ಬರು ಬೇಕು ಎಂಬುದು ಒಬ್ಬಳೇ ಆಡಿ ನೋಡಿದ ಮೇಲೆ ತಿಳಿಯುತ್ತದೆ.

ಆಗ ನನ್ನ ತಲೆಗೆ ಒಂದು ಯೋಚನೆ ಬಂತು. ಯೋಚನೆ ಅಲ್ಲ, ಮಹಾಯೋಜನೆ. ನಮ್ಮ ಚರ ತಗ್ಗಿನಲ್ಲಿರುವುದರಿಂದ ಆಚೆ ದಡದ ನೆಟ್ಟು ನೆಲದ ಮಟ್ಟದಲ್ಲಿ ಸರಿಯಾಗಿ ಸಿಗುವುದಿಲ್ಲ. ಜನ ಹುಲ್ಲಿನ ಬಣವೆ ಹತ್ತುತ್ತಾರೆ, ಕೊಕ್ಕರೆಗಳ ಹಾಗೆ ದಡದ ತುದಿಯಲ್ಲಿ ಒಂಟಿಗಾಲಲ್ಲಿ ನಿಂತು ಕೈ ಎತ್ತುತ್ತಾರೆ. ಹಾಗಾದರೆ ಜನ ಎಲ್ಲಿಗೆ ಹೋಗುತ್ತಾರೆ? ನೆಟ್ಟು ಎಲ್ಲಿದೆಯೋ ಅಲ್ಲಿಗೆ. ನೆಟ್ಟು ನನ್ನ ಅಂಗಳದಲ್ಲಿದ್ದರೆ? ಜೇನಿಟ್ಟ ಕಡೆ ನೊಣ ಬರುವುದಿಲ್ಲವೇ? ಬರಲಿ, ಕೂರಲಿ, ಬೇಕಾದಷ್ಟು ನೋಡಲಿ, ದುಡ್ಡೂ ಬೇಡ. ಕೂತ ಮೇಲೆ ಮನುಷ್ಯ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಾನೆ? ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ಯಾಕಪ್ಪಾ ಅನ್ನುತ್ತಾನೆ, ಅಲ್ಲಿಂದ ಮಾತು ಹೊತ್ತಿಕೊಳ್ಳುತ್ತದೆ. ನಾನು ಕಾಣದ ಜನವೇ!

ಬಕ್ರೀದಿಗೆಂದು ಸಾಕಿದ ಹೋತವನ್ನು ಮಾರಿದೆ. ಯಜಮಾನರಿಗೆ ಹೇಳಿದೆ. ಅವರು ಒಂದು ಕಿವಿಯ ಬೆಂಡು ತೆಗೆದರು.

"ನೀನು? ವೈಫೈ ಹಾಕಿಸ್ತೀಯಾ?"

"ಹೂಂ."

"ನಮ್ಮ ಮನೇಲಿ?"

"ಮತ್ತೆ ಮಸೀದೀಲಾ?"

ಎಷ್ಟೋ ತಿಂಗಳ ಮೇಲೆ ಅವರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದರು. ಆ ಪ್ರೀತಿ ನನ್ನ ಮೇಲಿನದೋ ಆ ಯಂತ್ರದ ಮೇಲಿನದೋ ಎಂದು ನಾನು ಹೆಚ್ಚು ಕೆದಕಲಿಲ್ಲ. ಸಿಕ್ಕಿದ್ದನ್ನು ಸೆರಗಿಗೆ ಕಟ್ಟಿಕೊಳ್ಳಬೇಕು.

ಆಚೆ ದಡದಿಂದ ಲೈನ್ ಮಿಸ್ತ್ರಿ ಕಫಿಲ್ ಬಂದ. ಹೊಟ್ಟೆ ಬಂದ ನಲವತ್ತರ ಗಂಡಸು, ದೋಣಿಯಿಂದ ಇಳಿಯುವಾಗ ದೋಣಿಗೇ ನಿಟ್ಟುಸಿರು ಬಂತು. ಸಿಮ್ಮು ಹಾಕುವ ಒಂದು ಬಿಳಿ ಡಬ್ಬಿ, ಅದಕ್ಕೆ ಮೊಲದ ಹಾಗೆ ಎರಡು ಕಿವಿ. ಸಿಮ್ಮಿಗೆ ಯಜಮಾನರ ಗುರುತಿನ ಚೀಟಿ, ಹೆಬ್ಬೆಟ್ಟು ಎಲ್ಲ ಆಯಿತು. ಡಬ್ಬಿಯನ್ನು ಸೂರಿನ ಅಂಚಿಗೆ ಕಟ್ಟಲು ಹೋದ.

"ಅಲ್ಲಲ್ಲ! ಗಳುವಿನ ತುದಿಗೆ ಕಟ್ಟು," ಅಂದೆ. ಹಳೇ ಆಂಟೆನಾ ಕಂಬ ಇನ್ನೂ ನಿಂತಿತ್ತು. ಅದರ ಮೇಲೆ ಇನ್ನೊಂದು ಗಳು ಸೇರಿಸಲೂ ಹೇಳಿದೆ.

"ಇಷ್ಟೆತ್ತರ ಬೇಡ ಖಾಲಾ. ಸೂರಿನ ಹತ್ರ ಇದ್ರೂ ಸಿಗ್ನಲ್ಲು ಬರ್ತದೆ. ಇದು ಅಂಗಳಕ್ಕೆ ತಾನೆ?"

"ಅಪ್ಪಾ ಕಫಿಲ್, ನೀನು ಹುಟ್ಟಿ ಚೆಡ್ಡಿ ಹಾಕೋ ಮೊದಲೇ ಈ ಕಂಬದಿಂದ ಸಿಂಗಾಪುರಕ್ಕೆ ಮಾತಾಡಿಸಿದೋಳು ನಾನು. ಕಂಬ ಗಿಡ್ಡ ಆದ್ರೆ ಮಾತು ತೊದಲ್ತದೆ. ಎತ್ತರದ ವಿಷಯ ನನಗೆ ಹೇಳಬೇಡ."

"ಎತ್ತರ ಆದ್ರೆ ಇದು…"

"ಹತ್ತು!"

ಹತ್ತಿದ. ಕಟ್ಟಿದ. ತುದಿಯಲ್ಲಿ ಹಸಿರು ದೀಪ ಮಿನುಗಿತು. ನನ್ನ ಎದೆ ಒಂದು ಗೇಣು ಉಬ್ಬಿತು. ಇಡೀ ಚರಕ್ಕೆ ಕಾಣಬೇಕು ಮರ್ಜಿನಾಳ ದೀಪ!

ಕೆಳಗಿಳಿದು ಬೆವರು ಒರೆಸಿಕೊಳ್ಳುತ್ತಾ ಕೇಳಿದ, "ಬೀಗ ಏನಿಡ್ಲಿ ಖಾಲಾ? ಪಾಸ್‌ವರ್ಡು. ಅದು ಹೇಳಿದೋರಿಗೆ ಮಾತ್ರ ಬಾಗಿಲು ತೆಗೀತದೆ. ಬೇರೆಯೋರು ಊಹಿಸಬಾರದು, ನಿಮಗೆ ಮರೀಬಾರದು."

ಮರೆಯಬಾರದು ಅಂದರೆ ಇನ್ನೇನು? ಅಭಿಮಾನದಿಂದ ಹೇಳಿದೆ, "ನಮ್ಮ ಯಜಮಾನರ ಹೆಸರಿಟ್ಟುಬಿಡು. ಅದನ್ನ ಮಣ್ಣಿಗೆ ಹೋದ್ರೂ ಮರೆಯಲ್ಲ."

ಚೀಟಿ ನೋಡಿ ಟಕಟಕ ಒತ್ತಿದ, ಅಕ್ಕಿಹಿಟ್ಟಿನ ಕಡುಬು, ನಮ್ಮ ಪಿಠಾ, ಮೂರು ತಿಂದ, ದೋಣಿ ಹತ್ತಿದ.

ಶುಕ್ರವಾರ ಮುಹೂರ್ತ. ಗುರುವಾರವೇ ಮನೆಮನೆಗೆ ಹೋಗಿ ಕರೆದು ಬಂದೆ. ಅಂಗಳ ಸಾರಿಸಿದೆ. ನೆರೆಹೊರೆಯ ಚಾಪೆಗಳ ಜೊತೆಗೆ ಜೊಲೇಖಾಳ ಮದುವೆಗೆ ತಂದ ದೊಡ್ಡ ಜಮಖಾನ ಹಾಸಿದೆ. ಖರ್ಜೂರದ ಬೆಲ್ಲ ಹಾಕಿ ಭಾಪಾ ಪಿಠಾ ಬೇಯಿಸಿದೆ, ಮಂಡಕ್ಕಿ ಒಂದು ಬುಟ್ಟಿ, ಎಲೆ ಅಡಿಕೆ ಒಂದು ತಟ್ಟೆ. ಯಜಮಾನರು ಉಪ್ಪು, ಸೀಮೆಎಣ್ಣೆ ತರಲು ಬೆಳಗಿನ ದೋಣಿಯಲ್ಲಿ ಆಚೆ ದಡದ ಸಂತೆಗೆ ಹೋಗಿದ್ದರು. ಮೋಡ ಕವಿದು ಸೋಲಾರು ಸರಿಯಾಗಿ ಕೆಲಸ ಮಾಡಿರಲಿಲ್ಲವಾದ್ದರಿಂದ ಅವರ ಡಬ್ಬಿಯ ಜೀವ ಹೋಗಿತ್ತು. ಅದನ್ನು ಒಳಗೆ ಬ್ಯಾಟರಿಗೆ ಸಿಕ್ಕಿಸಿ, ಮಗುವನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋಗುವವರ ಹಾಗೆ ಮೂರು ಸಲ ತಿರುಗಿ ನೋಡಿ ಹೋದರು.

ಮಧ್ಯಾಹ್ನದ ನಮಾಜು ಮುಗಿಯಿತೋ ಇಲ್ಲವೋ, ಜನ ಬಂದರು ನೋಡಿ! ಮೂವತ್ತಕ್ಕೆ ಕಡಿಮೆಯಿಲ್ಲ. ನನ್ನ ಓರಗೆಯ ಶುಕುರ್‌ಜಾನ್ ಕೋಲೂರಿಕೊಂಡು ಬಂದಳು. ಮೊಂತಾಜ್ ಟೀ ಅಂಗಡಿಗೆ ಬೀಗ ಹಾಕಿ ಬಂದ. ಗುಂಗುರು ಕೂದಲಿನ ಬೆಲಾಲ್ ತನ್ನ ಗೆಳೆಯರನ್ನೆಲ್ಲ ಕರೆತಂದ. ಎಲ್ಲರ ಕೈಯಲ್ಲೂ ಡಬ್ಬಿ, ಹರಿಗೋಲಿಗೆ ಕಾದವರ ಮುಖ.

"ಹೇಳಿ ನಾನಿ, ಪಾಸ್‌ವರ್ಡು!" ಅಂದ ಬೆಲಾಲ್, ಹೆಬ್ಬೆರಳು ಎತ್ತಿ ಹಿಡಿದು.

ನಾನು ಬಾಯಿ ತೆರೆದೆ. ಹಾಗೇ ಮುಚ್ಚಿದೆ.

ಆವಾಗ ಹೊಳೆಯಿತು ನಾನು ಮಾಡಿದ ಘನಕಾರ್ಯ. ಬೀಗ ಹಾಕಿದ್ದು ಸರಿ, ಬೀಗದ ಕೈ ನನ್ನ ನಾಲಿಗೆಗೆ ನಿಷಿದ್ಧ!

"ಅದು… ಮನೆ ಯಜಮಾನರ ಹೆಸರು," ಅಂದೆ.

"ಸರಿ, ಹೇಳಿ."

"ನಾನು ಹೇಗೆ ಹೇಳ್ಲಿ? ನೀವೇ ಹಾಕ್ಕೊಳ್ಳಿ. ನಿಮಗೆಲ್ಲ ಗೊತ್ತಲ್ಲ."

ಬೆಲಾಲ್ ಮೊಂತಾಜನ ಮುಖ ನೋಡಿದ. ಮೊಂತಾಜ್ ಶುಕುರ್‌ಜಾನಳ ಮುಖ ನೋಡಿದ. ಶುಕುರ್‌ಜಾನ್ ನನ್ನ ಮುಖ ನೋಡಿದಳು. ಮೂವತ್ತು ಜನರಲ್ಲಿ ಒಬ್ಬರಿಗೂ ನಮ್ಮವರ ಹೆಸರು ಗೊತ್ತಿಲ್ಲ! ಮೊದಲು ಅವರು ಮೈಕ್ ಮಿಯಾನ ಅಳಿಯ, ಆಮೇಲೆ ಫೋನ್ ಬುಬುವಿನ ಗಂಡ, ಈಚೆಗೆ ಫೋನ್ ನಾನಾ. ಮೂವತ್ತೆಂಟು ವರ್ಷ ಈ ಜನರ ನಡುವೆ ಉಂಡು ಮಲಗಿದ ಮನುಷ್ಯನಿಗೆ ಹೆಸರೊಂದು ಇರಬಹುದೆಂದು ಯಾರಿಗೂ ತೋಚಿರಲಿಲ್ಲ. (ನನಗೆ ಆ ಹೊತ್ತು ನಗು ಬಂತು. ಈಗ ಹೇಳುವಾಗ ಅಷ್ಟು ಬರುವುದಿಲ್ಲ.)

"ಫೋನ್ ಮಾಡಿ ಕೇಳೋಣ," ಅಂತ ಯಾರೋ ಮಾಡಿದರು. ಮನೆಯೊಳಗೆ ಬ್ಯಾಟರಿಯ ಪಕ್ಕದಲ್ಲೇ ಟ್ರಿಣ್ ಟ್ರಿಣ್ ಅಂತು.

ಕಫಿಲನಿಗೆ ಮಾಡಿದರು. ಅವನು ಶುಕ್ರವಾರ ಮಾವನ ಮನೆಗೆ ಹೋಗುತ್ತಾನೆ, ಅಲ್ಲಿ ಫೋನು ಎತ್ತುವುದಿಲ್ಲ. ತೋರಿಸೋಣವೆಂದರೆ ಗುರುತಿನ ಚೀಟಿ ಯಜಮಾನರ ಜೇಬಿನಲ್ಲೇ ಸಂತೆಗೆ ಹೋಗಿತ್ತು, ಬರೆದು ಕೊಡಲು ನನಗೆ ಬಾರದು.

"ಕಿವೀಲಿ ಹೇಳು ಬುಬು," ಅಂದಳು ಶುಕುರ್‌ಜಾನ್.

"ನಿನ್ನ ಗಂಡನ ಹೆಸರು ಮೊದಲು ನೀನು ನನ್ನ ಕಿವೀಲಿ ಹೇಳು."

"ಅಯ್ಯೋ, ಸತ್ತು ಹನ್ನೊಂದು ವರ್ಷ ಆಯ್ತು, ಆದ್ರೂ ಹೇಳಲ್ಲಮ್ಮ."

"ಸತ್ತೋರದ್ದೇ ಹೇಳದೋಳು, ಇದ್ದೋರದ್ದು ನಾನು ಹೇಳ್ತೀನಾ?"

ಜನ ಎದ್ದು ಹೋಗಿಬಿಟ್ಟಾರು ಎಂದು ನನಗೆ ಹೆದರಿಕೆ. ಒಂದು ಸುಳಿವು ಕೊಟ್ಟೆ: "ಹಳೇ ಚರದಲ್ಲಿ ಒಬ್ಬರು ಎತ್ತಿನ ಡಾಕ್ಟರ್ ಇದ್ದರಲ್ಲ? ಅವರದೂ ಇವರದೂ ಒಂದೇ ಹೆಸರು."

"ಎತ್ತಿನ ಡಾಕ್ಟರಿಗೆ ಎತ್ತಿನ ಡಾಕ್ಟರ್ ಅಂತಲೇ ಹೆಸರು!" ಅಂದ ಮೊಂತಾಜ್. "ಇನ್ನೊಂದು ಹೆಸರು ಯಾತಕ್ಕೆ ಬೇಕಿತ್ತು ಅವರಿಗೆ?"

"ಆ ಪುಣ್ಯಾತ್ಮ ನಮ್ಮ ಮನೆಯವರಿಗೂ ಔಷಧ ಕೊಟ್ಟಿದ್ದ," ಅಂದಳು ಶುಕುರ್‌ಜಾನ್. "ನೆರೆ ಬಂದಾಗ ಬೇರೆ ಡಾಕ್ಟರ್ ಎಲ್ಲಿಂದ ಬರಬೇಕು? ಎತ್ತಿನ ಔಷಧಾನೇ ಅರ್ಧ ಮಾಡಿ ಕುಡಿಸಿದ. ಜ್ವರ ಬಿಡ್ತು. ಆರು ತಿಂಗಳು ಹಸಿ ಹುಲ್ಲು ಕಂಡ್ರೆ ನಿಂತು ನೋಡ್ತಿದ್ರು ನಮ್ಮೋರು."

ಅಂಗಳ ಗೊಳ್ಳೆಂದಿತು. ಆ ನಗು! ಎಷ್ಟು ವರ್ಷವಾಗಿತ್ತು ನನ್ನ ಹುಣಸೆ ಮರ ಆ ಸದ್ದು ಕೇಳಿ. ಮೊಂತಾಜ್ ಪಿಠಾ ಮುರಿದು ಬಾಯಿಗಿಟ್ಟುಕೊಂಡು ಶುರು ಮಾಡಿದ: ಡಾಕ್ಟರ್ ಕೊಡೆ ಹಿಡಿದು ಸೂರಿನ ಮೇಲೆ ಕೂತು ಕರು ಹಾಕಿಸಿದ್ದು, ಕೆಳಗೆ ನೆರೆಯ ನೀರು ಹರಿಯುತ್ತಿದ್ದದ್ದು, ಕರು ಹುಟ್ಟಿದ ಕೂಡಲೇ ಕೊಡೆ ಗಾಳಿಗೆ ಹೋದದ್ದು, ಕರುವನ್ನು ಬಿಟ್ಟು ಕೊಡೆಗಾಗಿ ಅತ್ತದ್ದು.

"ಕೊಡೆ ಅವರ ಎರಡನೇ ಹೆಂಡತಿ ಕೊಟ್ಟಿದ್ದಲ್ವಾ?" ಅಂದೆ ನಾನು.

"ಎರಡನೇದಾ? ಮೂರನೇದು!" ಅಂದಳು ಶುಕುರ್‌ಜಾನ್.

"ಮೂರನೇದು ನದಿ ಕೊಚ್ಚಿದ ವರ್ಷ ಬಂದೋಳು. ಕೊಡೆ ಅದಕ್ಕಿಂತ ಹಳೇದು. ನನಗೆ ಹೇಳ್ಬೇಡ, ಆ ಮದುವೆ ಸುದ್ದಿ ಮೈಕಲ್ಲಿ ಸಾರಿದೋರು ನಮ್ಮಪ್ಪ."

ಬೆಲಾಲ್ ಡಬ್ಬಿಯನ್ನು ಜಮಖಾನದ ಮೇಲೆ ಇಟ್ಟುಬಿಟ್ಟಿದ್ದ. "ಹಳೇ ಚರ ಎಲ್ಲಿತ್ತು ನಾನಿ?" ಅಂದ. ಹಳೇ ಚರ ಮುಳುಗುವಾಗ ಅವನಿನ್ನೂ ಹುಟ್ಟಿರಲಿಲ್ಲ.

ನೀರಿನ ಕಡೆ ಕೈ ತೋರಿಸಿದೆ. ಅಷ್ಟಕ್ಕೆ ಅವನಿಗೆ ಸಮಾಧಾನವಾಗಲಿಲ್ಲ. ಶುಕುರ್‌ಜಾನ್ ತನ್ನ ಕೋಲಿನಿಂದ ಸಾರಿಸಿದ ನೆಲದಾಚೆಯ ಮರಳಿನಲ್ಲಿ ಒಂದು ಗೆರೆ ಎಳೆದಳು: ಇದು ಮಸೀದಿಗೆ ಹೋಗುವ ದಾರಿ. ಮೊಂತಾಜ್ ಅಡಿಕೆ ಹೋಳು ಇಟ್ಟ: ಇದು ನಮ್ಮ ಮನೆ. ಅಲ್ಲ, ಅದು ನಿಮ್ಮ ದನದ ಕೊಟ್ಟಿಗೆ, ಮನೆ ಇತ್ತ ಕಡೆ. ಇಲ್ಲಿ ಬಾವಿ, ಅಲ್ಲಿ ಆಲ, ಇದು ಕಾಲು ಜಾರಿ ಕಾಜಿ ಬಿದ್ದ ಹೊಂಡ. ಒಬ್ಬೊಬ್ಬರೇ ಬಗ್ಗಿದರು, ಜಗಳವಾಡಿದರು, ಅಡಿಕೆ ಹೋಳುಗಳನ್ನು ಅತ್ತಿತ್ತ ಸರಿಸಿದರು. ನದಿಯ ಹೊಟ್ಟೆಯಲ್ಲಿ ಇಪ್ಪತ್ತೈದು ವರ್ಷ ಮಲಗಿದ್ದ ಊರು ನನ್ನ ಅಂಗಳದ ಅಂಚಿಗೆ ಬಂದು ಕೂತಿತು. ಚಿಕ್ಕ ಹುಡುಗಿಯರು ಅವರವರ ಅಜ್ಜಿಯ ಮನೆ ಎಲ್ಲಿ ಎಂದು ಕೇಳಿ ಕೇಳಿ ಅಲ್ಲಿ ಒಂದೊಂದು ಮಂಡಕ್ಕಿ ಕಾಳು ಇಟ್ಟರು.

ನಾನು ಪಿಠಾದ ತಟ್ಟೆ ಹಿಡಿದು ನಡುವೆ ನಿಂತಿದ್ದೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಅದಕ್ಕಿಂತ ಒಳ್ಳೆಯ ಮಾತು ಯಾವುದಿದೆ? ಮನಸ್ಸಿನಲ್ಲಿ ಒಂದು ಪಾಪದ ಯೋಚನೆಯೂ ಬಂತು. ಅಲ್ಲಾ, ದೋಣಿ ಸ್ವಲ್ಪ ತಡವಾಗಿ ಬರಲಿ ಅಂದುಕೊಂಡೆ. ಗಂಡ ಹೊಳೆಯ ಮೇಲಿರುವಾಗ ಹೆಂಡತಿ ಹಾಗೆ ಬೇಡಿಕೊಳ್ಳಬಾರದು, ಗೊತ್ತು.

ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಸರಿಯಾಗಿ ದೋಣಿ ಬಂತು. ಈ ಜನ್ಮದಲ್ಲಿ ಎಂದೂ ಹೊತ್ತಿಗೆ ಸರಿಯಾಗಿ ಬಾರದ ದೋಣಿ!

ಯಜಮಾನರು ಉಪ್ಪಿನ ಮೂಟೆ ಹೆಗಲಿಗಿಟ್ಟು ಇಳಿದರೆ, ಮೂವತ್ತು ಜನ ದಡಕ್ಕೆ ಓಡಿದರು.

"ನಾನಾ, ನಿಮ್ಮ ಹೆಸರೇನು?"

ಪಾಪ, ಬೆದರಿಬಿಟ್ಟರು. "ಯಾಕೆ? ನಾನೇನು ಮಾಡ್ದೆ? ಪೊಲೀಸ್ ಬಂದಿದ್ದಾರಾ?"

"ಇಲ್ಲ ನಾನಾ, ಹೆಸರು ಹೇಳಿ ಸಾಕು! ನಿಮ್ಮ ಹೆಸರು ಹೇಳಿದ್ರೆ ನೆಟ್ಟು ತೆಗೀತದೆ."

ಅವರು ಮೂಟೆ ಕೆಳಗಿಳಿಸಿದರು. ಒಂದು ಸಲ ಜನರನ್ನು ನೋಡಿದರು, ಒಂದು ಸಲ ಅಂಗಳದಲ್ಲಿ ನಿಂತ ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಮೂಟೆಯ ಮೇಲೆ ಹತ್ತಿ ನಿಂತರು. ಲುಂಗಿ ಸರಿಮಾಡಿಕೊಂಡರು. ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡೆ, ಆದರೂ ಕೇಳಿಸಿತು. ತಮ್ಮ ಹೆಸರು, ತಮ್ಮ ತಂದೆಯ ಹೆಸರು, ತಾವು ಹುಟ್ಟಿದ ಊರು, ಅಂಚೆ, ಠಾಣೆ ಎಲ್ಲವನ್ನೂ ಹೇಳಿದರು. ಅಷ್ಟು ದೊಡ್ಡ ಗಂಟಲು ಅವರಿಗಿದೆ ಎಂದು ನನಗೆ ಅಂದೇ ತಿಳಿದದ್ದು. ನಮ್ಮ ಮನೆಯಲ್ಲಿ ಅದನ್ನು ಬಳಸಲು ಅವರಿಗೆ ಸರದಿ ಸಿಕ್ಕಿರಲಿಲ್ಲ, ಅಷ್ಟೇ.

ಜನ ಅಂಗಳಕ್ಕೆ ಮರಳಿದರು. ಚಾಪೆಗಳ ಮೇಲೆ ಕೂತರು. ಮೂವತ್ತು ಹೆಬ್ಬೆರಳು ಆಡಿದವು. ಮೂವತ್ತು ಡಬ್ಬಿಗಳು ಕಣ್ಣು ಬಿಟ್ಟವು. ಮೂವತ್ತು ಕತ್ತು ಬಗ್ಗಿದವು. ಆಮೇಲೆ ಸದ್ದೇ ಇಲ್ಲ. ಮಣ್ಣು ಮಾಡಿ ಬಂದ ಮನೆಯಲ್ಲೂ ಒಂದು ಬಿಕ್ಕಾದರೂ ಇರುತ್ತದೆ.

ಶುಕುರ್‌ಜಾನ್ ಒಬ್ಬಳಾದರೂ ಇದ್ದಾಳಲ್ಲ ಎಂದು ನೋಡಿದೆ. ಅವಳ ಮೊಮ್ಮಗಳು ಡಬ್ಬಿಯಲ್ಲಿ ಯಾರದೋ ಮಗುವನ್ನು ತೋರಿಸುತ್ತಿದ್ದಳು, ಅವಳು ಬೊಚ್ಚುಬಾಯಿ ತೆರೆದು ಆ ಗಾಜಿಗೆ ಮುತ್ತು ಕೊಡುತ್ತಿದ್ದಳು.

ಮೊಂತಾಜ್ ಒಬ್ಬನೇ ನಕ್ಕ. ಓಡಿ ಹೋಗಿ ಕೂತೆ. "ಏನಪ್ಪಾ, ಏನು?"

"ಏನಿಲ್ಲ ಬುಬು, ಒಂದು ಬೆಕ್ಕು."

"ಯಾರ ಮನೇದು?"

"ಗೊತ್ತಿಲ್ಲ. ಚೀನಾದ್ದು ಇರಬೇಕು."

ಅಷ್ಟರಲ್ಲಿ ಬೆಲಾಲ್ ಎದ್ದು ಹಿತ್ತಲ ಆಚೆ ಹೋದ, ಹೊಳೆಗೆ ಬೆನ್ನು ಮಾಡಿ ಮುಗಿಸುವ ಕೆಲಸಕ್ಕೆ. ಅಲ್ಲಿಂದಲೇ ಕೂಗಿದ: "ಏಯ್, ಇಲ್ಲೂ ಬರ್ತದೆ ಕಣ್ರೋ! ಇಲ್ಲಿ ಇನ್ನೂ ಜೋರು!"

ಒಬ್ಬ ಎದ್ದ. ಇನ್ನೊಬ್ಬ ಎದ್ದ. ದಡದ ತನಕ ಬರುತ್ತದೆ, ಮೆಣಸಿನ ಹೊಲದಲ್ಲೂ ಬರುತ್ತದೆ, ಮೊಂತಾಜನ ಅಂಗಡಿಯ ಬೆಂಚಿನ ಮೇಲಂತೂ ಹೊಳೆ ಹರಿದ ಹಾಗೆ ಬರುತ್ತದೆ! ಎತ್ತರದ ಕಂಬವಲ್ಲವೇ, ಎಲ್ಲಿಗೆ ಬೇಕಾದರೂ ಬರುತ್ತದೆ. ಹಳೇ ಫೋನಿಗೆ ಕಂಬ ಎತ್ತಿದರೆ ಊರು ಬಳಿಗೆ ಬರುತ್ತಿತ್ತು, ಈ ಹೊಸ ಡಬ್ಬಿಗೆ ಕಂಬ ಎತ್ತಿದರೆ ಅದೇ ಎದ್ದು ಊರಿಗೆ ಹೋಗುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು? (ಕಫಿಲ್ ಹೇಳಲು ಬಂದ. ನಾನೇ ಬಾಯಿ ಮುಚ್ಚಿಸಿದೆ. ಒಪ್ಪುತ್ತೇನೆ.)

ಯಾರೂ ಕೆಟ್ಟವರಲ್ಲ. ಎಲ್ಲರೂ ಹೇಳಿಯೇ ಹೋದರು. "ಹಸು ಕಟ್ಬೇಕು ನಾನಿ." "ಅಂಗಡಿ ತೆಗೀಬೇಕು ಬುಬು, ಗಿರಾಕಿ ಕಾಯ್ತಾರೆ." "ಪಿಠಾ ಚೆನ್ನಾಗಿತ್ತು." ಮರಳಿನಲ್ಲಿ ಬರೆದ ಊರಿನ ಮೇಲೆಯೇ ನಡೆದು ಹೋದರು, ಮಸೀದಿಯ ದಾರಿ, ಬಾವಿ, ಕಾಜಿ ಬಿದ್ದ ಹೊಂಡ ಎಲ್ಲ ಚಪ್ಪಲಿಯ ಗುರುತಾಯಿ­ತು. ಉಳಿದ ಮಂಡಕ್ಕಿ ಕಾಳುಗಳನ್ನು ಕೋಳಿಗಳು ಆರಿಸಿದವು.

ಯಜಮಾನರು ಒಳಗೆ ಹೋಗಿ ತಮ್ಮ ಡಬ್ಬಿ ಎತ್ತಿಕೊಂಡು ಬಂದರು. "ಸ್ವಲ್ಪ ಅಂಗಡಿ ಕಡೆ ಹೋಗಿಬರ್ತೀನಿ. ಕರೀತಿದ್ದಾರೆ."

"ಯಾರು?"

"ಎಲ್ಲರೂ. ಹೆಸರು ಹಿಡಿದು ಕರೀತಿದ್ದಾರೆ, ಕೇಳಿಸ್ತಾ?" ಅವರ ಮುಖದಲ್ಲಿ ಹೊಸ ಮದುಮಗನ ಕಳೆ. ಹೋಗಿ ಅಂದೆ.

ಅಂಗಳದಿಂದ ಟೀ ಅಂಗಡಿ ಚೆನ್ನಾಗಿ ಕಾಣುತ್ತದೆ. ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಮರದ ಬುಡದಲ್ಲಿ, ನನ್ನ ಮೂವತ್ತು ಜನರೂ ಕೂತಿದ್ದರು. ನನ್ನ ಗಂಡನೂ ಕೂತಿದ್ದರು. ನನ್ನ ನೆಟ್ಟು ಅವರೆಲ್ಲರ ಮೇಲೆ ಮಳೆಯ ಹಾಗೆ ಸುರಿಯುತ್ತಿತ್ತು. ಮೇಲೆ ನೋಡಿದರೆ ಗಳುವಿನ ತುದಿಯಲ್ಲಿ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. ನಾನು ಸುಮ್ಮನೆ ಜಮಖಾನದ ನಡುವೆ ಕೂತೆ. ಇಷ್ಟಗಲ ಜಮಖಾನದ ಮೇಲೆ ಒಬ್ಬಳೇ ಕೂತು ನೋಡಿ, ನಿಮ್ಮ ಮೈ ಎಷ್ಟು ಚಿಕ್ಕದು ಎಂದು ತಿಳಿಯುತ್ತದೆ. ಎಲೆಗೆ ಸುಣ್ಣ ಹಚ್ಚಿದೆ, ಮಡಚಿದೆ, ಯಾರಿಗೆ ಕೊಡುವುದೆಂದು ತಿಳಿಯದೆ ನಾನೇ ಹಾಕಿಕೊಂಡೆ.

ಹೊತ್ತು ಮುಳುಗುವ ಮುಂಚೆ ಯಜಮಾನರು ಬಂದರು. ಕಿವಿಯಲ್ಲಿ ಬೆಂಡಿಲ್ಲ. ಡಬ್ಬಿ ಕೈಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು.

"ಚಾರ್ಜು ಹೋಯ್ತಾ?" ಅಂದೆ.

"ಹೋಯ್ತು."

"ಅದಕ್ಕೇ ಮನೆ ನೆನಪಾಯ್ತು."

ಖಾಲಿ ಚಾಪೆಗಳನ್ನು ಒಂದೊಂದಾಗಿ ನೋಡಿದರು. ಪಿಠಾದ ತಟ್ಟೆ ನೋಡಿದರು. ಆಮೇಲೆ ಕತ್ತೆತ್ತಿ ಗಳು ನೋಡಿದರು.

"ಇಳಿಸಿಬಿಡ್ಲಾ ಜೊಲೇಖಾಳ ಅವ್ವ? ಸೂರಿನ ಮಟ್ಟಕ್ಕೆ ಕಟ್ಟಿದ್ರೆ ಅಂಗಳದಾಚೆ ಹೋಗಲ್ವಂತೆ. ಮೊಂತಾಜ್ ಹೇಳ್ತಿದ್ದ. ಆಗ ಎಲ್ಲರೂ ಇಲ್ಲಿಗೇ ಬರಬೇಕಾಗ್ತದೆ."

ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ? ಆದರೆ ಆ ಮೂವತ್ತು ಕತ್ತುಗಳು ನೆನಪಾದವು. ಕೊರಳಿಗೆ ಹಗ್ಗ ಹಾಕಿ ತಂದು ಕೂರಿಸಿಕೊಂಡ ಹಾಗಾಗುತ್ತದೆ. ತಲೆಯಾಡಿಸಿದೆ. ಎದ್ದು ಚಾಪೆಗಳನ್ನು ಸುತ್ತತೊಡಗಿದೆ.

ಜಮಖಾನ ದೊಡ್ಡದು, ಇಬ್ಬರು ಎದುರುಬದುರು ನಿಂತು ತುದಿ ಹಿಡಿದು ಝಾಡಿಸಿ ಮಡಚಬೇಕಾದ್ದು. ನಾನು ಒಂದು ತುದಿ ಹಿಡಿದೆ. ಯಜಮಾನರು ಡಬ್ಬಿಯನ್ನು ಜಗಲಿಯ ಮೇಲಿಟ್ಟು, ಇನ್ನೊಂದು ತುದಿಯ ಹತ್ತಿರ ಬಂದು ಬಗ್ಗಿದರು.

"ಈ ಕಡೆ ನಾನು ಹಿಡ್ಕೋತೀನಿ," ಅಂದರು. "ಮಡಚಿ ಆಮೇಲೆ ಹಾಗೇ ಸ್ವಲ್ಪ ಹೊತ್ತು ಕೂರೋಣ. ಆ ಎತ್ತಿನ ಡಾಕ್ಟರ್ ವಿಷಯ ಏನೋ ಬಂತಂತಲ್ಲ, ನಂಗೂ ಹೇಳು."

ಗಂಟಲಿನ ತನಕ ಬಂತು. ಬಂದದ್ದು ಒಂದು, ಬಾಯಿಂದ ಹೊರಬಿದ್ದದ್ದು ಇನ್ನೊಂದು.

"ಬೇಡ ಬಿಡಿ. ಹಾಸಿದೋಳಿಗೆ ಮಡಚೋಕೂ ಬರ್ತದೆ. ಚಾರ್ಜು ಹೋದಾಗ ಮಾತ್ರ ಕೆಲಸಕ್ಕೆ ಬರೋ ಕೈ ನನಗೆ ಬೇಡ. ನೀವು ಹೋಗಿ, ಆ ಡಬ್ಬಿನ ಬ್ಯಾಟರಿಗೆ ಸಿಕ್ಕಿಸಿ."